ಚೊಗರಿನ ನೂಲಿನ ಕೋಟು

ಕಳೆದ ಜೂನಿನಲ್ಲಿ ಶಿವಮೊಗ್ಗಕ್ಕೆ ಹೋಗಿದ್ದಾಗ ಮೊಮ್ಮಗಳು ಮಾನಸ ನನ್ನನ್ನು ಸವಳಂಗ ರಸ್ತೆಯ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು. ಅವಳು ರವೀಂದ್ರನಗರದ ಮನೆಯಿಂದ ಗಾಜನೂರಿನ ಹತ್ತಿರದ ಶಾಲೆಗೆ ದಿನವೂ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಾಳೆ. ಮಳೆ, ಗಾಳಿ, ಬಿಸಿಲು ಮೂರಕ್ಕೂ ಆಗುವಂಥ ಜಾಕೆಟ್ಟು, ಪ್ಯಾಂಟು ಬೇಕಿತ್ತಂತೆ. ಅಂಗಡಿಯವನು ಏಳೆಂಟು ಜಾಕೆಟ್ಟುಗಳನ್ನು ಮೇಜಿನ ಮೇಲೆ ಹರಡಿ, "ಅಜ್ಜಾ, ಇದು ಹಂಡ್ರೆಡ್ ಪರ್ಸೆಂಟ್ ವಾಟರ್‌ಪ್ರೂಫ್. ಒಂದ್ ಹನಿ ಒಳಗೆ ಬರಲ್ಲ" ಅಂದ.

"ಯಾರು ಅಳೆದು ನೋಡಿದ್ದು?" ಎಂದು ಕೇಳಿದೆ.

ಅವನು ಒಳಗಿನ ಚೀಟಿ ತೋರಿಸಿದ. ಚೀಟಿಯನ್ನು ನಂಬಿ ಬದುಕಿದವನಲ್ಲ ನಾನು. ಜಾಕೆಟ್ಟಿನ ಒಳಮಗ್ಗುಲನ್ನು ಹೊರಗೆ ಮಾಡಿ, ತೋಳಿನ ಹೊಲಿಗೆಯನ್ನು ಮೂಗಿಗೆ ಹಿಡಿದು ಮೂಸಿದೆ. ಮಾನಸ ಸುತ್ತಮುತ್ತ ನೋಡಿ, "ಅಜ್ಜ, ಪ್ಲೀಸ್, ಮಾನ ತೆಗೀಬೇಡಿ" ಎಂದು ಪಿಸುಗುಟ್ಟಿದಳು.

"ಹೊಲಿಗೆಗೆ ವಾಸನೇನೇ ಇಲ್ಲವಲ್ಲೇ" ಎಂದೆ.

ಅಂಗಡಿಯವನು ನಕ್ಕ. ಅವನಿಗೆ ಅರ್ಥವಾಗುವುದು ಸಾಧ್ಯವೂ ಇರಲಿಲ್ಲ. ಅದೇ ಸವಳಂಗ ರಸ್ತೆಯಲ್ಲಿ, ಅಲ್ಲಿಂದ ಕೂಗಳತೆಯ ದೂರದಲ್ಲಿ, ಅರವತ್ತು ವರ್ಷಗಳ ಹಿಂದೆ ನಾನೂ ಒಂದು ಕೋಟು, ಒಂದು ಪ್ಯಾಂಟು ಆರಿಸಿಕೊಂಡಿದ್ದೆ. ಅದರ ಹೊಲಿಗೆ ಬೇಯಿಸಿದ ಅಡಿಕೆಯ ಹಾಗೆ ನಾರುತ್ತಿತ್ತು. ಆ ಒಂದು ಮಳೆಗಾಲ ನನ್ನ ಜೀವ ಉಳಿಸಿದ್ದು ಆ ವಾಸನೆಯೇ.

ಸೇರು, ಪಾವು, ಗಜ ಹೋಗಿ ಕಿಲೋ, ಲೀಟರು, ಮೀಟರು ಬಂದ ಕಾಲ ಅದು. ನಾನು ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್. ಶಿವಮೊಗ್ಗ ಪೇಟೆ, ಭದ್ರಾವತಿ ಪೇಟೆ, ನಡುವಿನ ಹಳ್ಳಿಗಳ ಸಂತೆ ಎಲ್ಲವೂ ನನ್ನ ಪಾಲಿಗೆ ಬಂದಿದ್ದವು. ಮುದ್ರೆಯಿಲ್ಲದ ತೂಕದ ಕಲ್ಲು, ಹಳೆಯ ಗಜ, ತಳವನ್ನು ಒಳಕ್ಕೆ ತಟ್ಟಿದ ಪಾವು ಯಾವುದೇ ಕಂಡರೂ ಹಿಡಿಯುವುದು ನನ್ನ ಕೆಲಸ. ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದವರನ್ನೂ ಕಂಡಿದ್ದೆ, ಕಬ್ಬಿಣದ ಕಲ್ಲಿನ ಹೊಟ್ಟೆ ಕೊರೆದು ಅರಗು ತುಂಬಿದವರನ್ನೂ ಕಂಡಿದ್ದೆ. ನನಗೆ ಸಂಬಳ ಬರುತ್ತಿದ್ದುದೇ ಅನುಮಾನ ಪಡುವುದಕ್ಕೆ. ಮನೆಗೆ ಬಂದರೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಲಲಿತೆ, "ಹಾಲಿನವಳ ಮುಖ ನೋಡ್ಬಿಟ್ಟು ಒಂದ್ಸಲನಾದ್ರೂ ನಗ್ರೀ, ಪಾಪ. ಹೊತ್ತು ಮೂಡಿದ್ರೆ ಅವಳ ಅಳತೆ ಲೋಟಾನೇ ನೋಡ್ತೀರಲ್ಲ" ಎಂದು ಹಂಗಿಸುತ್ತಿದ್ದಳು.

ನನ್ನದು ಚಳ್ಳಕೆರೆಯ ಕಡೆ. ಅಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ. ಶಿವಮೊಗ್ಗದ ಮೊದಲ ಮಳೆಗಾಲದಲ್ಲಿ ನಾನೂ ಹಾಗೆಯೇ ನೋಡುತ್ತಾ, ನೆನೆಯುತ್ತಾ ತಿರುಗಿದೆ. ಇಲಾಖೆ ಕೊಟ್ಟಿದ್ದ ಮೋಟಾರ್ ಸೈಕಲ್ಲು ಯುದ್ಧದ ಕಾಲದ ಸೈನ್ಯದ್ದು; ಸದ್ದಿಗೇನೂ ಕಡಿಮೆಯಿರಲಿಲ್ಲ. ಬೆಳಿಗ್ಗೆ ಒದ್ದೆಯಾದ ಬಟ್ಟೆ ಮೈಮೇಲೇ ಒಣಗಿ, ಮಧ್ಯಾಹ್ನ ಮತ್ತೆ ಒದ್ದೆಯಾಗುತ್ತಿತ್ತು. ಶ್ರಾವಣದ ಹೊತ್ತಿಗೆ ನ್ಯುಮೋನಿಯಾ ಹಿಡಿಯಿತು. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದೆ. ಬಿಡುವಾಗ ಡಾಕ್ಟರು ನನ್ನ ಬೆನ್ನಿನ ಬಲಭಾಗಕ್ಕೆ ಬೆರಳು ಒತ್ತಿ, "ಇಲ್ಲಿ ಕಲೆ ಉಳ್ಕೊಂಡಿದೆ. ಇನ್ನೊಂದ್ ಮಳೆಗಾಲ ಹೀಗೇ ನೆನೆದ್ರೆ ಗಾಡಿ ಬಿಡಬೇಕಾಗುತ್ತೆ, ಇಲ್ಲಾ ಜೀವ ಬಿಡಬೇಕಾಗುತ್ತೆ. ಯಾವ್ದು ಅಂತ ನೀವೇ ಯೋಚ್ನೆ ಮಾಡಿ" ಅಂದರು.

ಗಾಡಿ ಬಿಡುವುದೆಂದರೆ ಹುದ್ದೆ ಬಿಡುವುದು. ಸುತ್ತಾಟ ಮಾಡಲಾಗದವನಿಗೆ ಇನ್‌ಸ್ಪೆಕ್ಟರ್ ಕೆಲಸವಿಲ್ಲ, ಮತ್ತೆ ಗುಮಾಸ್ತನಾಗಿ ಹೋಗಬೇಕು ಎಂದು ಮೇಲಧಿಕಾರಿ ಸ್ಪಷ್ಟವಾಗಿ ಹೇಳಿದ್ದರು. ಹಾಗಾಗಿ ಮುಂದಿನ ಮಳೆಗಾಲವನ್ನು ಒಣ ಬನಿಯನ್ನಿನಲ್ಲಿ ದಾಟಬೇಕಿತ್ತು. ಯುಗಾದಿ ಕಳೆಯುತ್ತಿದ್ದ ಹಾಗೆ ನಾನು ಮಳೆಯ ಬಟ್ಟೆ ಹುಡುಕಲು ಶುರುಮಾಡಿದೆ.

ಹುಡುಕುವುದು ಸುಲಭವೆಂದುಕೊಂಡಿದ್ದೆ. ಗಾಂಧಿ ಬಜಾರಿನಲ್ಲಿ ರಬ್ಬರಿನ ರೈನ್‌ಕೋಟು ಮಾರುವ ಅಂಗಡಿಯೊಂದಿತ್ತು. ಒಳಗೆ ಕಾಲಿಟ್ಟ ಕೂಡಲೇ ಯಜಮಾನ ಎದ್ದು ನಿಂತು ಕುರ್ಚಿ ಒರೆಸಿದ, ಕಾಫಿ ತರಿಸಿದ. "ನಿಮ್ಹತ್ರ ರೇಟ್ ಮಾತಾಡೋದುಂಟಾ ಸಾರ್, ತಗೊಂಡ್ ಹೋಗಿ" ಅಂದ. ಕಾಫಿ ಮುಟ್ಟಲಿಲ್ಲ. ಆದರೂ ಕೋಟು ತೊಟ್ಟು ನೋಡಿದೆ. ನಿಂತಾಗ ಚೆನ್ನಾಗಿತ್ತು. ಕುರ್ಚಿಯ ಮೇಲೆ ಕಾಲು ಅಗಲಿಸಿ ಗಾಡಿಯ ಮೇಲೆ ಕೂತಂತೆ ಕೂತಾಗ ಗುಂಡಿಗಳ ನಡುವೆ ಬಾಯಿ ಬಿಟ್ಟಿತು, ತೋಳು ಮೊಣಕೈ ತನಕ ಓಡಿತು, ಮಡಿಲಲ್ಲಿ ಒಂದು ಸೇರು ನೀರು ನಿಲ್ಲುವಷ್ಟು ತಗ್ಗು ಬಿತ್ತು. ಹಳ್ಳಿಯವರು ಹೊದೆಯುವ ಕಂಬಳಿ ಕೊಪ್ಪೆಯನ್ನೂ ನೋಡಿದೆ. ನಡೆಯುವವನಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಮೂವತ್ತು ಮೈಲಿ ವೇಗದಲ್ಲಿ ಅದು ತಲೆಯಿಂದ ಹಾರಿ ಹಿಂದಿನ ಎತ್ತಿನಗಾಡಿಯವನ ಮುಖಕ್ಕೆ ಬಿತ್ತು.

ಭದ್ರಾವತಿಯಲ್ಲಿ ಆರ್ಮುಗಂ ಎಂಬವರ ಸಣ್ಣ ಎರಕದ ಶೆಡ್ಡಿತ್ತು. ನಾವು ಹಿಡಿದ ಕಳ್ಳ ತೂಕಗಳನ್ನು ಕೋರ್ಟಿನ ಅಪ್ಪಣೆಯಾದ ಮೇಲೆ ಅಲ್ಲಿಗೇ ಒಯ್ದು ಕರಗಿಸುತ್ತಿದ್ದೆವು. ಅವರು ಒಂದು ಹಳೆಯ ಚರ್ಮದ ಕೋಟು ತೆಗೆದು ಕೊಟ್ಟರು. "ಸಾರ್, ಇದು ದೊರೆ ಹಾಕ್ಕೊಂಡಿದ್ದು. ರೊಂಬ ಗಟ್ಟಿ" ಅಂದರು. ಗಟ್ಟಿಯೇ ಹೌದು. ನನ್ನ ಪದ್ಧತಿಯಂತೆ ಒಣಗಿದ್ದಾಗ ತೂಗಿ, ನೀರಿನಲ್ಲಿ ಅದ್ದಿ ಮತ್ತೆ ತೂಗಿದೆ. ತೂಕ ದುಪ್ಪಟ್ಟಾಗಿತ್ತು. ಮೂರನೇ ದಿನಕ್ಕೆ ಅದರ ಮೇಲೆ ಬೂಷ್ಟು ಬಂತು. ಲಲಿತೆ ಅದನ್ನು ಕೋಲಿನ ತುದಿಯಿಂದ ಎತ್ತಿ ಹಿತ್ತಿಲಿಗೆ ಎಸೆದಳು.

ಕಚೇರಿಯವರೂ ಲಾರಿಯವರೂ ಒಂದೇ ಹೆಸರು ಹೇಳುತ್ತಿದ್ದರು: ಸವಳಂಗ ರಸ್ತೆಯ ಗಫೂರ್ ಸಾಹೇಬರು. ಅವರು ಲಾರಿಗಳ ಟಾರ್ಪಾಲು, ಟಾಂಗಾಗಳ ಮುಚ್ಚಿಗೆ ಹೊಲಿಯುತ್ತಿದ್ದರು. ಆಗುಂಬೆಯ ಮಳೆಯಲ್ಲೂ ಅವರ ಟಾರ್ಪಾಲಿನೊಳಗಿನ ಸಕ್ಕರೆ ಕರಗಿಲ್ಲ ಎನ್ನುತ್ತಿದ್ದರು. ಆ ಹೆಸರು ಕೇಳಿದಾಗಲೆಲ್ಲ ನಾನು ಮಾತು ಬದಲಾಯಿಸುತ್ತಿದ್ದೆ. ಯಾಕೆಂದರೆ ಶಿವರಾತ್ರಿಯ ಹೊತ್ತಿನಲ್ಲಿ ಅದೇ ಗಫೂರ್ ಸಾಹೇಬರ ಗಜವನ್ನು ನಾನೇ ಹಿಡಿದಿದ್ದೆ.

ಅದು ಕಬ್ಬಿಣದ ಕೋಲು. ಹಿಡಿದೂ ಹಿಡಿದೂ ನಡುಭಾಗ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವರ ತಂದೆಯ ಕಾಲದ್ದು. ಮೀಟರಿನ ಕೋಲು ಕೊಂಡಿರಲಿಲ್ಲ, ಹಳೆಯದರಲ್ಲೇ ಟಾರ್ಪಾಲು ಅಳೆದು ಮಾರುತ್ತಿದ್ದರು. ಸಂತೆಯ ದಿನ, ಅಂಗಡಿ ತುಂಬ ಜನ. ನಾನು ಆ ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು, "ಇಂಥದ್ದು ಇನ್ನು ನಡೆಯೋದಿಲ್ಲ, ಎಲ್ಲರೂ ನೋಡ್ಕೊಳ್ಳಿ" ಎಂದು ಕೂಗಿ ಹೇಳಿದೆ. ಎಳೆಯ ಇನ್‌ಸ್ಪೆಕ್ಟರನ ಹುರುಪು. ಗಫೂರ್ ಸಾಹೇಬರು ಒಂದೇ ಮಾತು ಅಂದರು: "ನಮ್ಮ ಅಬ್ಬಾದು ಸಾಬ್. ಜೋಪಾನ." ನಾನು ರಸೀದಿ ಬರೆದು ಕೊಟ್ಟು ಹೊರಟೆ. ಕೋರ್ಟಿನಲ್ಲಿ ದಂಡ ಕಟ್ಟಿದರು. ಮುಗಿಯಿತು ಎಂದುಕೊಂಡೆ.

ಈಗ ಅದೇ ಮನುಷ್ಯನ ಸೂಜಿಗೆ ನನ್ನ ಎದೆಗೂಡನ್ನು ಒಪ್ಪಿಸಬೇಕಿತ್ತು. ರೋಹಿಣಿ ಮಳೆಯ ಮೊದಲ ಗುಡುಗು ಕೇಳಿದ ದಿನ ಬೇರೆ ದಾರಿಯಿಲ್ಲದೆ ಹೋದೆ. ಅರವತ್ತರ ಆಸುಪಾಸಿನ ಮನುಷ್ಯ, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ತಲೆಯೆತ್ತಿ ನೋಡಿದವರು ನಗಲೂ ಇಲ್ಲ, ಏಳಲೂ ಇಲ್ಲ. ಗೋಡೆಗೆ ಮುದ್ರೆ ಬಿದ್ದ ಹೊಸ ಮೀಟರ್ ಕೋಲು ಒರಗಿಸಿದ್ದರು. ನನ್ನ ಕಣ್ಣು ಮೊದಲು ಹೋದದ್ದು ಅದರ ಮೇಲೆ. ಅದನ್ನು ಅವರು ನೋಡಿದರು.

"ಮುದ್ರೆ ಇದೆ ಸಾಬ್" ಅಂದರು.

ವಿಷಯ ಹೇಳಿದೆ. ಕೋಟೂ ಬೇಕು, ಪ್ಯಾಂಟೂ ಬೇಕು, ಎಲ್ಲರಿಗೆ ಹೇಳುವ ಬೆಲೆಯೇ ಆಗಬೇಕು, ರಸೀದಿಯೂ ಬೇಕು ಎಂದೆ. ಅವರು ಸೂಜಿಯನ್ನು ಟೋಪಿಗೆ ಚುಚ್ಚಿ ಎದ್ದು, "ಗಾಡಿ ಒಳಗೆ ತನ್ನಿ" ಅಂದರು.

"ಗಾಡಿಗೆ ಹೊಲಿಯೋದಲ್ಲ, ನನಗೆ."

"ಗೊತ್ತು ಮಾರಾಯ್ರೆ. ನೀವು ಗಾಡಿ ಮೇಲೆ ನಿಂತ್ಕೊಂಡು ಹೋಗ್ತೀರಾ? ಕೂತ್ಕೊಂಡಲ್ವಾ ಹೋಗೋದು? ನಿಂತವನ ಅಳತೆ ತಗೊಂಡು ಕೂತವನಿಗೆ ಹೊಲಿದ್ರೆ ನೀರು ಬರ್ದೇ ಇರ್ತದಾ?"

ಎಲ್ಲ ಅಂಗಡಿಗಳಲ್ಲಿ ನಾನೇ ಕಂಡುಕೊಂಡಿದ್ದ ತೊಂದರೆಯನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ಗಾಡಿಯನ್ನು ಅಂಗಡಿಯೊಳಗೆ ತಂದು ಸ್ಟ್ಯಾಂಡ್ ಹಾಕಿ ಅದರ ಮೇಲೆ ಕೂತೆ. ಹ್ಯಾಂಡಲ್ ಹಿಡಿಸಿದರು, ಬಗ್ಗಿಸಿದರು, ತಿರುಗಿಸಿದರು. ಆಮೇಲೆ ಅಳತೆ. ಮೀಟರ್ ಕೋಲನ್ನು ಮುಟ್ಟಲಿಲ್ಲ, ಟೇಪನ್ನೂ ತೆಗೆಯಲಿಲ್ಲ. ಒಂದು ಉದ್ದನೆಯ ದಪ್ಪ ನೂಲು ತೆಗೆದು ನನ್ನ ಹೆಗಲಿಂದ ಮಣಿಕಟ್ಟಿನ ತನಕ ಹಿಡಿದು ಒಂದು ಗಂಟು ಹಾಕಿದರು. ಸೊಂಟದಿಂದ ಮೊಣಕಾಲಿಗೆ ಇನ್ನೊಂದು ಗಂಟು. ಮೊಣಕಾಲಿಂದ ಬೂಟಿನ ಕೆಳಗೆ ಮತ್ತೊಂದು. "ಪ್ಯಾಂಟು ಬೂಟಿನ ಒಳಗಲ್ಲ, ಮೇಲೆ ಬರಬೇಕು" ಅಂದರು.

ನನಗೆ ಮೈ ಉರಿಯಿತು. ಅಳತೆಯ ಇನ್‌ಸ್ಪೆಕ್ಟರನ ಮೈಯನ್ನು ಗಂಟು ಹಾಕಿದ ದಾರದಲ್ಲಿ ಅಳೆಯುವುದು! ಇದು ಗೇಲಿಯಲ್ಲದೆ ಮತ್ತೇನು? "ಇದೆಂಥ ಅಳತೆ?" ಎಂದೆ.

"ಇದ್ರಲ್ಲಿ ಮಾರೋದಿಲ್ಲ ಸಾಬ್, ಹೊಲಿಯೋದು. ಒಬ್ಬೊಬ್ಬರಿಗೆ ಒಂದೊಂದು ನೂಲು. ಕಾನೂನಲ್ಲಿ ಇದಕ್ಕೂ ಏನಾದ್ರೂ ಇದ್ಯಾ?"

ಇರಲಿಲ್ಲ. ಅಷ್ಟರಲ್ಲಿ ಕೆಮ್ಮು ಬಂತು. ಒಮ್ಮೆ ಶುರುವಾದರೆ ನಿಲ್ಲುತ್ತಿರಲಿಲ್ಲ. ಬಲಪಕ್ಕೆ ಹಿಡಿದುಕೊಂಡು ಬಗ್ಗಿದೆ. ಗಫೂರ್ ಸಾಹೇಬರು ಕೆಮ್ಮು ನಿಲ್ಲುವ ತನಕ ಕಾದು, ನೂಲನ್ನು ನನ್ನ ಬೆನ್ನಿಗೆ ಹಿಡಿದು ಇನ್ನೊಂದು ಗಂಟು ಹಾಕಿದರು. ಏನೂ ಕೇಳಲಿಲ್ಲ.

ಹದಿನೈದು ದಿನಕ್ಕೆ ಬಟ್ಟೆ ಸಿದ್ಧವಾಯಿತು. ಲಾರಿ ಟಾರ್ಪಾಲಿಗಿಂತ ತೆಳುವಾದ ಕ್ಯಾನ್ವಾಸು, ಮೇಣ ಮತ್ತು ಅಗಸೆ ಎಣ್ಣೆ ತಿಕ್ಕಿದ್ದರು. ಎದೆಯ ಮೇಲೆ ಬಟ್ಟೆಯ ಮೇಲೊಂದು ಬಟ್ಟೆ ಹಾದು ಪಕ್ಕದಲ್ಲಿ ಕಟ್ಟುವಂತಿತ್ತು. ಭುಜದ ಹಿಂದೆ ಮಡಿಕೆಯ ಅಡಿಯಲ್ಲಿ ಬೆವರು ಆರಲು ಗಾಳಿಕಿಂಡಿ ಬಿಟ್ಟಿದ್ದರು. ನೋಡಿದರೆ ತಪ್ಪು ಹಿಡಿಯುವಂಥದ್ದು ಏನೂ ಇರಲಿಲ್ಲ, ಅದೇ ನನಗೆ ಇನ್ನಷ್ಟು ಅನುಮಾನ ತಂದಿತು. ಮುಖ್ಯವಾಗಿ ಅವರು ಕೊಡುವಾಗ ಹೇಳಿದ ಮಾತು: "ಮನೇಲಿ ನೀರು ಹಾಕಿ ನೋಡ್ಬೇಡಿ. ಮೊದಲನೇ ನೀರು ಮಳೆದೇ ಆಗ್ಬೇಕು, ಗಾಡಿ ಮೇಲೆ ಕೂತಾಗ್ಲೇ ಬೀಳ್ಬೇಕು."

ಪರೀಕ್ಷೆ ಮಾಡಬೇಡಿ ಎನ್ನುವ ವ್ಯಾಪಾರಿಯನ್ನು ನಾನು ಎಲ್ಲಿ ಬಿಟ್ಟಿದ್ದೆ? ಮನೆಗೆ ಬಂದು ಬಕೆಟ್ ತುಂಬಿಸಿಟ್ಟೆ. ಲಲಿತೆ ಅಡ್ಡ ನಿಂತಳು.

"ಹೊಲಿದವ್ರು ಬೇಡ ಅಂದ್ಮೇಲೆ ಬೇಡ. ಅವ್ರಿಗೆ ಗೊತ್ತಿರಲ್ವಾ?"

"ಅವ್ರಿಗೆ ನನ್ ಮೇಲೆ ಸಿಟ್ಟಿದೆ ಕಣೇ. ಬೇಕಂತ್ಲೇ ಎಲ್ಲಾದ್ರೂ ಹೊಲಿಗೆ ಬಿಟ್ಟಿದ್ರೆ?"

"ಹಾಗಿದ್ರೆ ಅವ್ರ ಹತ್ರ ಹೋಗಿದ್ದ್ಯಾಕೆ ನೀವು?"

ಬಕೆಟ್ಟಿನ ನೀರನ್ನು ಅವಳು ದಾಸವಾಳದ ಬುಡಕ್ಕೆ ಸುರಿದಳು.

ಆರಿದ್ರಾ ಮಳೆ ಹಿಡಿದ ದಿನ ಭದ್ರಾವತಿಗೆ ಹೋಗಬೇಕಾಗಿ ಬಂತು. ಹಿಡಿದ ತೂಕಗಳೆಲ್ಲ ಮೊದಲೇ ಲಾರಿಯಲ್ಲಿ ಆರ್ಮುಗಂ ಶೆಡ್ಡಿಗೆ ಹೋಗಿದ್ದವು. ಹಳೆಯ ಗಜಗಳ ಒಂದು ಕಟ್ಟು ಮಾತ್ರ ಉಳಿದಿತ್ತು. ಅದನ್ನು ನಾನೇ ಒಯ್ದು, ರಿಜಿಸ್ಟರಿನ ಪ್ರಕಾರ ಒಂದೊಂದಾಗಿ ಗುರುತು ಹಾಕಿ, ಕಣ್ಣೆದುರು ಕರಗಿಸಿ ಬರಬೇಕಿತ್ತು. ಹೊರಡುವ ಮುಂಚೆ ನನ್ನ ಬನಿಯನ್ನನ್ನು ತೂಗಿ, ತೂಕವನ್ನು ಡೈರಿಯಲ್ಲಿ ಬರೆದಿಟ್ಟೆ. ವಾಪಸು ತೂಗಿದರೆ ಎಷ್ಟು ನೀರು ಒಳಗೆ ಬಂತು ಎಂದು ಗೊತ್ತಾಗುತ್ತದೆ. ಗಫೂರ್ ಸಾಹೇಬರ ಬಾಯಿಮಾತು ಬೇಡ, ತಕ್ಕಡಿ ಹೇಳಲಿ. ಗಜಗಳ ಕಟ್ಟನ್ನು ಗಾಡಿಯ ಪಕ್ಕಕ್ಕೆ ಬಿಗಿದೆ, ಸಣ್ಣ ತಕ್ಕಡಿಯ ಪೆಟ್ಟಿಗೆಯನ್ನು ಟ್ಯಾಂಕಿನ ಮೇಲೆ ಕಟ್ಟಿದೆ.

ಮಲವಗೊಪ್ಪ ದಾಟುವಾಗ ಸುರಿಯತೊಡಗಿತು. ಮಾಚೇನಹಳ್ಳಿಯ ಹತ್ತಿರ ಮುಂದಿನ ರಸ್ತೆಯೇ ಕಾಣಿಸಲಿಲ್ಲ. ಗಾಳಿ ಅಡ್ಡಡ್ಡ ಬಡಿಯುತ್ತಿತ್ತು. ನಾನು ಮಳೆಗಿಂತ ಹೆಚ್ಚಾಗಿ ನನ್ನ ಮೈಯನ್ನು ಆಲಿಸುತ್ತಿದ್ದೆ. ಎಲ್ಲಾದರೂ ತಣ್ಣಗಾಯಿತೇ? ಭುಜದ ಹತ್ತಿರ ಏನೋ ತೇವ. ಕಂಕುಳಲ್ಲಿ ಏನೋ ಜಿನುಗು. ಹಾಗೆಂದುಕೊಂಡ ಮೇಲೆ ಎಲ್ಲ ಕಡೆಯೂ ಹಾಗೆಯೇ ಅನ್ನಿಸತೊಡಗಿತು. ಪಕ್ಕೆಯ ಆ ಕಲೆ ನೋಯುತ್ತಿದೆ ಎಂದೂ ಅನ್ನಿಸಿತು.

ಆರ್ಮುಗಂ ಶೆಡ್ಡಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಆರ್ಮುಗಂ ಛತ್ರಿ ಹಿಡಿದು ಬಂದವರು ಅಲ್ಲೇ ನಿಂತುಬಿಟ್ಟರು.

"ಅಯ್ಯೋ ಸಾಮಿ! ರತ್ತಂ! ಎಲ್ಲಿ ಬಿದ್ರಿ ಸಾರ್?"

ಕೆಳಗೆ ನೋಡಿಕೊಂಡೆ. ಎರಡೂ ತೋಳಿನ ತುದಿಯಿಂದ, ಪ್ಯಾಂಟಿನ ಅಂಚಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಕೆಲಸದವರು ಓಡಿಬಂದು ನನ್ನನ್ನು ಒಳಗೆ ಎಳೆದುಕೊಂಡು ಕುಲುಮೆಯ ಬಳಿ ಕೂರಿಸಿದರು. ಕೋಟು ಬಿಚ್ಚಿದೆ. ಗಾಯವಿರಲಿಲ್ಲ. ಆದರೆ ಬಿಳಿ ಬನಿಯನ್ನಿನ ಮೇಲೆ ಹೊಲಿಗೆ ಹೋದಲ್ಲೆಲ್ಲ ಕೆಂಪು ಗೆರೆ ಬಿದ್ದಿತ್ತು. ಭುಜ, ಕಂಕುಳು, ಬಲಪಕ್ಕೆ, ಎಲ್ಲ ಕಡೆ.

ಸೋರಿದೆ. ಅದೂ ಹೊಲಿಗೆಯಲ್ಲೇ. ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು. ಮುದುಕ ಬೇಕೆಂದೇ ಮಾಡಿದ್ದಾನೆ, ಅದಕ್ಕೇ ಮನೆಯಲ್ಲಿ ನೀರು ಹಾಕಬೇಡ ಅಂದದ್ದು, ನಡುದಾರಿಯಲ್ಲಿ ನೆನೆದು ಸಾಯಲಿ ಎಂದು! ಅಂಗೈಯಗಲದ ಹೊಲಿಗೆಯಾದರೂ ಬಿಟ್ಟಿರುತ್ತಾನೆ, ಅದನ್ನು ಹುಡುಕಿ ತೆಗೆದು ಅವನ ಮುಖಕ್ಕೆ ಹಿಡಿಯಬೇಕು ಎಂದುಕೊಂಡೆ.

"ಒಂದು ಬ್ಲೇಡ್ ಕೊಡಿ" ಎಂದೆ.

ಆರ್ಮುಗಂ ಕೊಟ್ಟರು. ಗಜಗಳನ್ನು ಏನು ಮಾಡುವುದೆಂದು ಕೇಳಿದರು. "ಹಾಕಿ, ಹಾಕಿ" ಎಂದೆ. ರಿಜಿಸ್ಟರ್ ಬಿಚ್ಚಲಿಲ್ಲ. ಕೋಟನ್ನು ಮೊಣಕಾಲ ಮೇಲೆ ಹರಡಿ, ಬಲಪಕ್ಕೆಯ ಹೊಲಿಗೆಯನ್ನು ಕಂಕುಳಿಂದ ಸೊಂಟದ ತನಕ ಕೊಯ್ದೆ.

ಬಿಟ್ಟುಹೋದ ಹೊಲಿಗೆ ಸಿಗಲಿಲ್ಲ. ಬಟ್ಟೆಯನ್ನು ಮೂರು ಮಡಿಕೆ ಮಡಿಸಿ, ಒಂದರ ಮೇಲೊಂದು ಎರಡು ಸಾಲು ಹೊಲಿದಿದ್ದರು. ಗುಬ್ಬಿಯ ಕಾಲಿನಂಥ ಚಿಕ್ಕ ಚಿಕ್ಕ ಹೊಲಿಗೆ. ಇನ್ನೂ ಒಳಗೆ ಕೊಯ್ದಾಗ ಬೇರೆ ಏನೋ ಕೈಗೆ ಸಿಕ್ಕಿತು. ಬೆನ್ನಿನ ಬಲಭಾಗದಲ್ಲಿ, ಡಾಕ್ಟರು ಬೆರಳು ಒತ್ತಿದ್ದ ಜಾಗದಲ್ಲೇ, ಎರಡು ಕ್ಯಾನ್ವಾಸುಗಳ ನಡುವೆ ಮೆತ್ತನೆಯ ಕಂಬಳಿಯ ತುಂಡೊಂದನ್ನು ಇಟ್ಟು ಹೊಲಿದಿದ್ದರು. ಎಡಭಾಗದಲ್ಲಿ ಅಂಥದ್ದು ಇರಲಿಲ್ಲ. ಅದನ್ನು ಹಾಕಲು ನಾನು ಹೇಳಿರಲಿಲ್ಲ, ಅವರು ಬೆಲೆಯಲ್ಲಿ ಹಿಡಿದಿರಲಿಲ್ಲ. ನಾನು ಕೆಮ್ಮಿದಾಗ ಹಾಕಿದ ಆ ಕೊನೆಯ ಗಂಟು ನೆನಪಾಯಿತು.

ಕುಲುಮೆಯ ಕಾವಿಗೆ ಕೋಟು ಹಬೆಯಾಡತೊಡಗಿತು. ಅದರಿಂದ ಒಂದು ವಾಸನೆ ಎದ್ದಿತು. ಸುಗ್ಗಿಯಲ್ಲಿ ಈ ಊರಿನ ಮನೆಮನೆಯ ಹಂಡೆಯಿಂದ ಏಳುವ ವಾಸನೆ. ಅಡಿಕೆ ಬೇಯಿಸಿದ ಕೆಂಪು ನೀರು, ಚೊಗರು. ನೂಲು ಕೊಳೆಯದ ಹಾಗೆ ಅದನ್ನು ಚೊಗರಿನಲ್ಲಿ ಅದ್ದಿ ಹೊಲಿದಿದ್ದರು. ಕೆಂಪು ಬಂದದ್ದು ಅಲ್ಲಿಂದ.

ಪೆಟ್ಟಿಗೆಯಿಂದ ತಕ್ಕಡಿ ತೆಗೆದು ಬನಿಯನ್ ತೂಗಿದೆ. ಡೈರಿಯ ಲೆಕ್ಕಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಒಂದು ಚಮಚ ನೀರಿನಷ್ಟೂ ಇರಲಿಲ್ಲ. ಅಂಥ ಮಳೆಯಲ್ಲಿ ಹನ್ನೊಂದು ಮೈಲಿ ಬಂದ ನಾನು ಒಣಗಿಯೇ ಇದ್ದೆ. ಇದ್ದ ಒಂದೇ ಒಳ್ಳೆಯ ಕೋಟನ್ನು ಕೊಯ್ದು ಕೂತಿದ್ದೆ.

ಆಗ ರಿಜಿಸ್ಟರ್ ಬಿಚ್ಚಿದೆ. ಯಾಕೆ ಬಿಚ್ಚಿದೆನೋ ಗೊತ್ತಿಲ್ಲ, ಬಹುಶಃ ಆರ್ಮುಗಂ ಮುಖ ನೋಡಲಾರದೆ. ಹಿಡಿದ ಪ್ರತಿ ಗಜವನ್ನೂ ಕಚೇರಿಯಲ್ಲಿ ಅಳೆದು, ಎಷ್ಟು ಕಡಿಮೆ ಎಂದು ಬರೆಯುವ ಒಂದು ಕಾಲಂ ಅದರಲ್ಲಿತ್ತು. ಕಾಲಿಂಚು, ಅರ್ಧ ಇಂಚು, ಮುಕ್ಕಾಲು ಇಂಚು ಎಂದು ಸಾಲಾಗಿ ನನ್ನದೇ ಅಕ್ಷರ. ಗಫೂರ್ ಸಾಹೇಬರ ಹೆಸರಿನ ಮುಂದೆ "ಇಲ್ಲ" ಎಂದಿತ್ತು. ಆವತ್ತು ಅಳೆದವನೂ ನಾನೇ, ಬರೆದವನೂ ನಾನೇ. ಬರೆದು ಪುಟ ಮಗುಚಿದ್ದೆ. ಆ ಗಜದಲ್ಲಿ ಮೋಸವಿರಲಿಲ್ಲ. ಹಳೆಯದು, ಮುದ್ರೆಯಿಲ್ಲದ್ದು ಎನ್ನುವುದಷ್ಟೇ ಅದರ ತಪ್ಪಾಗಿತ್ತು.

ಅದೂ ಈ ಕಟ್ಟಿನಲ್ಲೇ ಇತ್ತು. ಎದ್ದು ಕುಲುಮೆಯ ಹತ್ತಿರ ಹೋದೆ. "ಎಲ್ಲಾ ಹಾಕಿಯಾಯ್ತು ಸಾರ್" ಅಂದರು ಆರ್ಮುಗಂ. ಹಾಕದೇ ಇದ್ದಿದ್ದರೂ ಅದನ್ನು ಹಿಂದಕ್ಕೆ ಕೊಡಲು ನನಗೆ ಅಧಿಕಾರವಿರಲಿಲ್ಲ. ಅದು ನಿಜ. ಆದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಬಹುದಿತ್ತು. ಜೋಪಾನ ಅಂದಿದ್ದರಲ್ಲ.

ಆರ್ಮುಗಂ ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಕೋಟಿನ ಗಾಯ ಮುಚ್ಚಿ ಕೊಟ್ಟರು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮಳೆಯಲ್ಲೇ ಹಿಂದಿರುಗಿದೆ. ನಿದಿಗೆ ಬರುವಷ್ಟರಲ್ಲಿ ಅಂಟು ಬಿಟ್ಟಿತು. ಮನೆ ಸೇರಿದಾಗ ಬಲಮಗ್ಗುಲು ಪೂರ್ತಿ ಒದ್ದೆ. ಎರಡು ದಿನ ಜ್ವರ ಬಂತು. ಲಲಿತೆ ನನ್ನ ಬೆನ್ನಿಗೆ ಉಪ್ಪಿನ ಶಾಖ ಕೊಡುತ್ತಾ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು. ಮೂರನೇ ದಿನ ಜ್ವರ ಬಿಟ್ಟ ಮೇಲೆ ಕೋಟನ್ನು ಅವಳೇ ಮಡಿಸಿ ಕೈಗೆ ಕೊಟ್ಟು, "ಹೋಗ್ಬನ್ನಿ" ಅಂದಳು.

ಗಫೂರ್ ಸಾಹೇಬರು ಕೋಟನ್ನು ಬಿಡಿಸಿ ನೋಡಿದರು. ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದರು.

"ಬ್ಲೇಡಾ?"

"ಹೂಂ. ಕೆಂಪು ನೀರು ಬಂತು. ನಾನು... ಬೇರೆ ಏನೋ ಅಂದ್ಕೊಂಡೆ."

"ಮೊದಲ್ನೇ ಮಳೆಗೆ ನೂಲು ನೀರು ಕುಡಿದು ಉಬ್ತದೆ, ಸೂಜಿ ತೂತು ಮುಚ್ಕೊಳ್ತದೆ. ಆಗ ಒಂಚೂರು ಬಣ್ಣ ಬಿಡ್ತದೆ. ನೀವು ಕೂತ ಹಾಗೇನೇ ಉಬ್ಬಬೇಕು, ಅದಕ್ಕೇ ಮನೇಲಿ ಬೇಡ ಅಂದೆ. ಎರಡ್ನೇ ಮಳೆಗೆ ಬರಾಬರ್ ಆಗ್ತಿತ್ತು."

"ಅದನ್ನ ಮೊದಲೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ನಂಬ್ತಿದ್ರಾ ಸಾಬ್?"

ಅವರು ಕನ್ನಡಕ ಸರಿಮಾಡಿಕೊಂಡು, ಹಳೆಯ ತೂತಿನ ಮೇಲೆ ಮತ್ತೆ ಸೂಜಿ ಹಾಕಿದರೆ ನಿಲ್ಲುವುದಿಲ್ಲ, ಬಲಮಗ್ಗುಲನ್ನು ಪೂರ್ತಿ ಹೊಸದಾಗಿಯೇ ಹಾಕಬೇಕು, ನಾಲ್ಕು ದಿನ ಬೇಕು ಅಂದರು. ನಾನು ಒಪ್ಪಿ ಎದ್ದೆ. ಬಾಗಿಲ ತನಕ ಹೋದಾಗ ಕರೆದರು.

"ಸಾಬ್, ನಮ್ಮ ಅಬ್ಬಾದು ಗಜ ಏನಾಯ್ತು?"

ಸುಳ್ಳು ಹೇಳಬಹುದಿತ್ತು. ಕೋರ್ಟಿನಲ್ಲಿದೆ ಎಂದರೆ ಮುಗಿಯುತ್ತಿತ್ತು. "ಕರಗಿಸಿಯಾಯ್ತು. ನಾನೇ ತಗೊಂಡು ಹೋಗಿದ್ದೆ. ಈ ಕೋಟು ಹಾಕ್ಕೊಂಡು" ಎಂದೆ.

ಅವರು ಕೋಟಿನ ಕೊಯ್ದ ಅಂಚುಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿದರು. ಹೊರಗೆ ಲಾರಿಯೊಂದು ಕೆಸರು ಹಾರಿಸುತ್ತಾ ಹೋಯಿತು. ಆಮೇಲೆ ಮೆಲ್ಲಗೆ ಕೇಳಿದರು: "ಸರಿ ಇತ್ತಾ?"

"ಏನು?"

"ಅಳತೆ. ಆಫೀಸಲ್ಲಿ ಅಳೀತೀರಂತಲ್ಲ. ಸರಿ ಇತ್ತಾ?"

"ಸರಿ ಇತ್ತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರ್ಲಿಲ್ಲ."

ಅವರು ತಲೆಯಾಡಿಸಿದರು. ಕಣ್ಣು ಒದ್ದೆಯಾಗಿತ್ತು. "ನೀವು ಅದನ್ನ ಎತ್ತಿ ಹಿಡಿದು ತೋರಿಸಿದ್ರಲ್ಲ ಸಾಬ್, ಆವತ್ತಿಂದ ಜನ ನಾನು ಟಾರ್ಪಾಲು ಅಳೆದು ಕೊಟ್ಮೇಲೆ ಮನೆಗೆ ಹೋಗಿ ಇನ್ನೊಂದ್ಸಲ ಅಳೀತಾರೆ. ನಲವತ್ತು ವರ್ಷ ಅಳೆದಿದ್ದೆ, ಯಾರೂ ಅಳೆದಿರ್ಲಿಲ್ಲ. ಗಜ ಹೋದ್ರೆ ಹೋಯ್ತು, ಕಾನೂನು. ಸರಿ ಇತ್ತು ಅಂತ ಅದೇ ಜನದ ಮುಂದೆ ಒಂದು ಮಾತು ಹೇಳಿದ್ರೆ ಸಾಕಿತ್ತು."

ಹೇಳುತ್ತೇನೆ ಎಂದುಕೊಂಡೇ ಮನೆಗೆ ಬಂದೆ. ಮುಂದಿನ ಸಂತೆಯ ದಿನ ಹೋಗಿ ಅಂಗಡಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕೆಂದು ಮಾತನ್ನೂ ಜೋಡಿಸಿಕೊಂಡೆ. ಆದರೆ ಸಂತೆಯ ದಿನ ಬಂದಾಗ ನನ್ನ ಹಳೆಯ ಹುಳು ಕೊರೆಯತೊಡಗಿತು. ಜನ ಏನೆನ್ನುತ್ತಾರೆ? ಮೈಮೇಲೆ ಗಫೂರನ ಕೋಟು ಹಾಕಿಕೊಂಡು ಗಫೂರನಿಗೆ ಸರ್ಟಿಫಿಕೇಟು ಕೊಡುತ್ತಿದ್ದಾನೆ, ಎಷ್ಟಕ್ಕೆ ಒಪ್ಪಂದವಾಗಿದೆಯೋ ಎನ್ನುವುದಿಲ್ಲವೇ? ನಾನು ಊರಿನವರನ್ನೆಲ್ಲ ನೋಡುತ್ತಿದ್ದ ಕಣ್ಣಿನಿಂದಲೇ ಊರು ನನ್ನನ್ನು ನೋಡುತ್ತದೆ ಎಂದು ಹೆದರಿದೆ. ಮಳೆ ಮುಗಿಯಲಿ ಎಂದುಕೊಂಡೆ. ಆಮೇಲೆ ದಸರಾ ಕಳೆಯಲಿ ಎಂದುಕೊಂಡೆ.

ಹೊಸ ಮಗ್ಗುಲು ಹಾಕಿದ ಕೋಟು, ಹೊಲಿದವರು ಹೇಳಿದ ಹಾಗೆಯೇ, ಎರಡನೇ ಮಳೆಗೆ ಬಾಯಿ ಮುಚ್ಚಿತು. ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲ ಸುರಿದವು. ನಾನು ದಿನವೂ ಭದ್ರಾವತಿಗೆ ಹೋಗಿ ಬಂದೆ, ದಿನವೂ ಬನಿಯನ್ ತೂಗಿದೆ. ಡೈರಿಯಲ್ಲಿ ಬರೆಯುವುದೇನೂ ಉಳಿಯದೆ ಒಂದು ದಿನ ತೂಗುವುದನ್ನೇ ನಿಲ್ಲಿಸಿದೆ. ಲಲಿತೆಗೆ ಅದೇ ದೊಡ್ಡ ಹಬ್ಬ. ಮಳೆಗಾಲ ಕಳೆದ ಮೇಲೆ ಡಾಕ್ಟರು ಬೆನ್ನಿಗೆ ಕಿವಿಯಿಟ್ಟು ಕೇಳಿ, "ಪರವಾಗಿಲ್ಲ, ಓಡಿಸಿ ಗಾಡಿನ" ಅಂದರು. ಹುದ್ದೆ ಉಳಿಯಿತು. ಈ ಶ್ವಾಸಕೋಶ ಇವತ್ತಿಗೂ ಕೆಲಸ ಮಾಡುತ್ತಿದೆ.

ಕಾರ್ತಿಕದಲ್ಲಿ ನನಗೆ ವರ್ಗವಾಯಿತು. ಹೊರಡುವ ಮುನ್ನ ಗಫೂರ್ ಸಾಹೇಬರ ಅಂಗಡಿಗೆ ಹೋದೆ. ಆವತ್ತೂ ಇಬ್ಬರು ಗಿರಾಕಿಗಳಿದ್ದರು. ಒಬ್ಬ ಟಾರ್ಪಾಲು ಕೊಂಡು, ಅಲ್ಲೇ ಅಂಗಳದಲ್ಲಿ ಹರಡಿ, ತಾನು ತಂದಿದ್ದ ಟೇಪಿನಲ್ಲಿ ಮತ್ತೆ ಅಳೆಯುತ್ತಿದ್ದ. ಗಫೂರ್ ಸಾಹೇಬರು ಅದನ್ನು ನೋಡದವರಂತೆ ಸೂಜಿಗೆ ನೂಲು ಪೋಣಿಸುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಇಬ್ಬರೇ ಇದ್ದರು, ಅವರಿಗಾದರೂ ಹೇಳಬಹುದಿತ್ತು. "ವರ್ಗ ಆಯ್ತು, ಹೋಗ್ಬರ್ತೀನಿ" ಎಂದಷ್ಟೇ ಹೇಳಿದೆ.

ಅವರು ಗೋಡೆಯ ಮೊಳೆಗಳಲ್ಲಿ ನೇತುಹಾಕಿದ್ದ ನೂಲುಗಳಲ್ಲಿ ಒಂದನ್ನು ಹುಡುಕಿ ತೆಗೆದರು. ನನ್ನ ಹೆಗಲು, ತೋಳು, ಸೊಂಟ, ಮೊಣಕಾಲಿನ ಗಂಟುಗಳಿದ್ದ ನೂಲು. ಕೊನೆಯಲ್ಲಿ ಬೆನ್ನಿನ ಆ ಒಂದು ಗಂಟು. ಸುರುಳಿ ಸುತ್ತಿ ನನ್ನ ಅಂಗೈಯಲ್ಲಿಟ್ಟರು.

"ಇದಕ್ಕೂ ಮುದ್ರೆ ಇಲ್ಲ ಸಾಬ್" ಅಂದರು. "ಹಿಡ್ಕೊಂಡು ಹೋಗಿ."

ಸವಳಂಗ ರಸ್ತೆಯ ಅಂಗಡಿಯಲ್ಲಿ ಮಾನಸಳನ್ನು ಸ್ಟೂಲಿನ ಮೇಲೆ ಕಾಲು ಅಗಲಿಸಿ ಕೂರಿಸಿ, ಕೈ ಮುಂದೆ ಚಾಚಿಸಿ, ಬಗ್ಗಿಸಿ, ನಾಲ್ಕು ಜಾಕೆಟ್ಟುಗಳನ್ನು ಬೇಡವೆಂದು ಐದನೆಯದನ್ನು ತೆಗೆಸಿದೆ. ಅವಳು ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಳು. "ಕೂತು ನೋಡ್ಬೇಕು ಅಂತ ನಿಮಗೆ ಯಾರು ಹೇಳ್ಕೊಟ್ರು ಅಜ್ಜ?" ಎಂದು ಅಂಗಡಿಯವನು ಕೇಳಿದ. ನಾಲ್ಕೈದು ಜನ ಗಿರಾಕಿಗಳು ನನ್ನ ಕಡೆ ತಿರುಗಿ ನೋಡುತ್ತಿದ್ದರು.

"ಇದೇ ರಸ್ತೆಯಲ್ಲಿ ಗಫೂರ್ ಸಾಹೇಬರು ಅಂತ ಇದ್ದರು" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಅವರ ಗಜ ಸರಿ ಇತ್ತು. ನಾನೇ ಅಳೆದಿದ್ದೆ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಮಾನಸ ಜಾಕೆಟ್ಟಿನ ಚೀಲ ಎತ್ತಿಕೊಂಡು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು.